ಮೊದಲ ಹತ್ತು ರಾತ್ರಿ

"ಯಮ್ಮಾ, ಕ್ರೇಟ್ ತರಾಕತ್ತೀನಿ, ಪಡಸಾಲ್ಯಾಗ ಒಂದೀಟು ಜಾಗ ಮಾಡು" ಎಂದು ಮಗ ಹೈದರಾಬಾದಿನಿಂದ ಫೋನ್ ಮಾಡಿದಾಗ ನನ್ನ ಕಣ್ಣ ಮುಂದೆ ಬಂದದ್ದು ಟೊಮೆಟೊ ಕ್ರೇಟು. ಯರಗೇರಾದಲ್ಲಿ ಕ್ರೇಟ್ ಅಂದರೆ ಅದೊಂದೇ. ಸಂತೆಗೆ ಬರುವ ಪ್ಲಾಸ್ಟಿಕ್ ಡಬ್ಬಿ. ಖಾಲಿಯಾದ ಮೇಲೆ ಕೂರುವುದಕ್ಕೂ ಆಗುತ್ತದೆ, ಕೋಳಿ ಮುಚ್ಚುವುದಕ್ಕೂ ಆಗುತ್ತದೆ. ಇವನಿಗೆ ಟೊಮೆಟೊ ವ್ಯಾಪಾರದ ಹುಚ್ಚು ಯಾವಾಗ ಹಿಡಿಯಿತು ಎಂದುಕೊಂಡು ಜೋಳದ ಚೀಲ ಸರಿಸಿ ಜಾಗ ಮಾಡಿದೆ. ಸಂಜೆ ಕಾರಿನಿಂದ ಇಳಿದದ್ದು ಕಪ್ಪು ತಂತಿಯ ಒಂದು ಪೆಟ್ಟಿಗೆ. ಅದರೊಳಗೆ, ಮೂಲೆಗೆ ಅಂಟಿಕೊಂಡು, ಬೂದಿ ಬಣ್ಣದ ಒಂದು ಕುನ್ನಿ.

ಮುಧೋಳ ತಳಿಯದು. ಮಗ ಇಟ್ಟ ಹೆಸರು ಬ್ರೂನೋ. ನಮ್ಮ ಓಣಿಯ ಬಾಯಲ್ಲಿ ಮರುದಿನವೇ ಅದು ಬೂದ್ಯಾ ಆಯಿತು. ಆದರೆ ಅದು ಇಲ್ಲಿಗೆ ಯಾಕೆ ಬಂತು ಎಂಬುದನ್ನು ಮಗ ಊಟಕ್ಕೆ ಕೂತ ಮೇಲೆಯೇ ಬಾಯಿ ಬಿಟ್ಟದ್ದು. ನಾಲ್ಕನೇ ಅಂತಸ್ತಿನ ಫ್ಲಾಟು. ತಂದ ದಿನದಿಂದ ರಾತ್ರಿಯಿಡೀ ಅಳು. ಮೂರನೇ ರಾತ್ರಿ ಕೆಳಗಿನ ಮನೆಯವರು ಬಂದು ಬಾಗಿಲು ಬಡಿದರು. ಆರನೇ ರಾತ್ರಿ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಪಂಚಾಯಿತಿ ನಡೆಯಿತು. ಏಳನೆಯ ದಿನ ಕುನ್ನಿ ಯರಗೇರಾದ ದಾರಿ ಹಿಡಿಯಿತು. "ಒಂದೆರಡು ತಿಂಗಳು ಇಟ್ಕೋ, ಆಮ್ಯಾಲೆ ನೋಡಾಣು" ಎಂದ. ಈ "ಆಮ್ಯಾಲೆ ನೋಡಾಣು" ಅಂದರೇನೆಂದು ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಮಗ ಕೆಟ್ಟವನಲ್ಲ. ನಾಯಿಯನ್ನು ಬೀದಿಗೆ ಬಿಡಲಿಲ್ಲ, ನನ್ನ ಹತ್ತಿರ ಬಿಟ್ಟ. ಆದರೆ ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಊರಲ್ಲಿ ಅಂಗಳದ ಮನೆ, ಅದರಲ್ಲೊಬ್ಬ ತಾಯಿ ಇಲ್ಲದವರು ಎಲ್ಲಿ ಬಿಡುತ್ತಾರೆ? ಉತ್ತರ ನಮ್ಮ ಊರ ಹೊರಗೆ, ಮಂತ್ರಾಲಯದ ರಸ್ತೆಯ ಬದಿಯಲ್ಲೇ ಸಿಗುತ್ತದೆ. ಕೊರಳಲ್ಲಿ ಪಟ್ಟಿ ಇನ್ನೂ ಇರುವ, ಮೈಕೂದಲು ಗಂಟುಗಟ್ಟಿದ, ಲಾರಿ ಬಂದರೆ ಯಾವ ಕಡೆ ಓಡಬೇಕೆಂದು ತಿಳಿಯದ ನಾಯಿಗಳನ್ನು ಅಲ್ಲಿ ಕಂಡಿದ್ದೇನೆ. ಅವು ಬೀದಿಯಲ್ಲಿ ಹುಟ್ಟಿದವಲ್ಲ. ಯಾರದೋ ಮನೆಯಲ್ಲಿ ಕೆಲವು ರಾತ್ರಿ ಅತ್ತು, ಸೋತವು.

ಬೀದಿನಾಯಿಯ ಜಗಳ ಈಗ ದೇಶದ ದೊಡ್ಡ ಕೋರ್ಟಿನವರೆಗೆ ಹೋಗಿದೆ. 2025ರ ಆಗಸ್ಟ್ 11ರಂದು ದೆಹಲಿಯ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಸೇರಿಸಿ ಎಂದಿತು ಸುಪ್ರೀಂ ಕೋರ್ಟ್. ಹನ್ನೊಂದೇ ದಿನಕ್ಕೆ, ಆಗಸ್ಟ್ 22ರಂದು, ಅದನ್ನು ತಿದ್ದಿ, ಸಂತಾನಶಕ್ತಿಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಿ; ಹುಚ್ಚು ಹಿಡಿದವನ್ನು, ಮೇಲೆ ಬೀಳುವವನ್ನು ಮಾತ್ರ ಬಿಡಬೇಡಿ ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ತೆರವುಗೊಳಿಸಲು ಹೇಳಿತು. ಟಿ.ವಿ.ಯಲ್ಲಿ ಒಂದು ಕಡೆ ನಾಯಿ ಕಚ್ಚಿಸಿಕೊಂಡ ಮಗುವಿನ ತಾಯಿ, ಇನ್ನೊಂದು ಕಡೆ ನಾಯಿಗೆ ಅನ್ನ ಹಾಕುವ ತಾಯಿ. ಇಬ್ಬರ ಮಾತಿನಲ್ಲೂ ನಿಜವಿದೆ. ಆದರೆ ಮನೆಗೆ ತಂದ ನಾಯಿ ಬೀದಿಗೆ ಬೀಳುವ ಆ ಮೊದಲ ಹೆಜ್ಜೆಯ ಬಗ್ಗೆ ಅಲ್ಲಿ ಯಾರೂ ಮಾತಾಡುವುದಿಲ್ಲ. ಆ ಹೆಜ್ಜೆ ಬೀಳುವುದು ಬೀದಿಯಲ್ಲಲ್ಲ. ಹೊಸ ಕುನ್ನಿ ಬಂದ ಮನೆಯ ಮೊದಲ ಹತ್ತು ರಾತ್ರಿಗಳಲ್ಲಿ. ಆ ಹತ್ತು ರಾತ್ರಿ ಕಳೆಯುವುದನ್ನು ಕಲಿಸಿಕೊಡದೆ ಯಾರಿಗೂ ನಾಯಿಮರಿ ಕೊಡಬಾರದು. ನಾನು ಹೇಳಬೇಕಾದ್ದು ಇಷ್ಟೇ.

ನಾನೇನು ನಾಯಿ ಪಂಡಿತಳಲ್ಲ. ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿದವಳು. ಮೊದಲ ರಾತ್ರಿ ನಾನೂ ಮಗ ಮಾಡಿದ್ದನ್ನೇ ಮಾಡಿದೆ. ಪಡಸಾಲೆಯಲ್ಲಿ ಪೆಟ್ಟಿಗೆ ಇಟ್ಟು, ಒಳಗೆ ಕುನ್ನಿ ಹಾಕಿ, ಚಿಲಕ ಜಡಿದು, ದೀಪ ಆರಿಸಿ ಒಳಕೋಣೆಯಲ್ಲಿ ಮಲಗಿದೆ. ಕಾಲು ಗಂಟೆ ಸದ್ದಿಲ್ಲ. ಆಮೇಲೆ ಶುರುವಾಯಿತು ನೋಡಿ. ಮೊದಲು ಕುಂಯ್ ಕುಂಯ್, ಆಮೇಲೆ ಊಳು, ಆಮೇಲೆ ತಂತಿ ಕೆರೆಯುವ ಸದ್ದು. ಮಂತ್ರಾಲಯದ ಕಡೆ ಹೋಗುವ ರಾತ್ರಿ ಬಸ್ಸಿನ ಹಾರನ್ನು ಕೂಡ ಅದರ ಮುಂದೆ ಸಣ್ಣದಾಯಿತು. ಎರಡು ಗಂಟೆಗೆ ಪಕ್ಕದ ಮನೆಯ ಹಿರಿಯರು ಗೋಡೆಯಾಚೆಯಿಂದಲೇ ಕೂಗಿದರು: "ಟೀಚರಮ್ಮಾ, ನಾಯಿಗಿ ಬೋನ್ಯಾಕ? ಅದೇನು ಹುಲಿ ಐತೇನು? ಮೈಲಾರಲಿಂಗನ ನಾಯಿ ಅದು, ಹೊರಗ ಬಿಡ್ರಿ, ಪುಣ್ಯ ಬರ್ತದ!"

ಬೆಳಿಗ್ಗೆ ನೋಡಿದರೆ ಕುನ್ನಿಯ ಮೂತಿಯ ಚರ್ಮ ತರಚಿತ್ತು. ಹಾಸಿದ ಬಟ್ಟೆ ಒದ್ದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ್ದು ಅದರ ಕಣ್ಣು. ಆ ಕಣ್ಣನ್ನು ನಾನು ಪ್ರತಿ ಜೂನ್ ತಿಂಗಳಲ್ಲಿ ನೋಡಿದ್ದೇನೆ.

ಮೂರು ವರ್ಷದ ಮಗುವನ್ನು ತಾಯಿ ಅಂಗನವಾಡಿಗೆ ಕರೆತರುತ್ತಾಳೆ. ಕೂಲಿಗೆ ಹೋಗುವ ಅವಸರ. ಹೊಲಕ್ಕೆ ಹೋಗುವ ಗಾಡಿ ಕಾಯುತ್ತಿರುತ್ತದೆ. ಮಗುವಿನ ಕೈಗೊಂದು ಉಂಡೆ ಕೊಟ್ಟು, ಅದು ಆ ಕಡೆ ತಿರುಗಿದೊಡನೆ ಹಿಂಬಾಗಿಲಿನಿಂದ ಓಡುತ್ತಾಳೆ. ಮಗು ತಿರುಗಿ ನೋಡುತ್ತದೆ, ಅವ್ವ ಇಲ್ಲ. ಅಂದು ಅತ್ತ ಮಗು ಮರುದಿನ ಓಣಿಯ ತಿರುವಿನಲ್ಲೇ ಅಳಲು ಶುರು ಮಾಡುತ್ತದೆ. ಮೂರನೆಯ ದಿನ ಸ್ಲೇಟು ಕಂಡರೂ ಅಳು. ಅದಕ್ಕೆ ಅಂಗನವಾಡಿಯ ಮೇಲೆ ಸಿಟ್ಟಿಲ್ಲ; ಹೇಳದೆ ಹೋದಳಲ್ಲ ಎಂಬ ಭಯ. ಈ ಓಟ ನೋಡಿ ನೋಡಿ ಸಾಕಾಗಿ ನನ್ನದೇ ಒಂದು ನಿಯಮ ಮಾಡಿಕೊಂಡಿದ್ದೆ. ಮೊದಲ ಮೂರು ದಿನ ತಾಯಿಯೋ ಅಜ್ಜಿಯೋ ಒಳಗೆ ಕೂರಬೇಕು. ಆಮೇಲೆ ಮೂರು ದಿನ ಹೊಸ್ತಿಲ ಮೇಲೆ. ಆಮೇಲೆ ಮುಂದಿನ ಬೇವಿನ ಗಿಡದ ಕೆಳಗೆ, ಮಗುವಿಗೆ ಸೆರಗು ಕಾಣುವ ಹಾಗೆ. ಹತ್ತನೆಯ ದಿನಕ್ಕೆ ಮಗುವೇ "ನೀ ಹೋಗು" ಅನ್ನುತ್ತಿತ್ತು. ಒಂದು ದಿನದ ಕೂಲಿ ಬಿಡಲಾಗದ ತಾಯಂದಿರ ಬದಲಿಗೆ ಅಜ್ಜಿಯರನ್ನು ಬೇಡಿ ಕರೆಸಿದ್ದೇನೆ. 1975ರ ಅಕ್ಟೋಬರ್ 2ರಂದು ಅಂಗನವಾಡಿಯ ಯೋಜನೆ ದೇಶದಲ್ಲಿ ಶುರುವಾದಾಗ ಪೌಷ್ಟಿಕ ಆಹಾರ, ಲಸಿಕೆ, ಶಾಲಾಪೂರ್ವ ಶಿಕ್ಷಣ ಎಂದೆಲ್ಲ ಪಟ್ಟಿ ಮಾಡಿದ್ದರು. ಸೆರಗಿನ ಪಾಠವನ್ನು ಮಕ್ಕಳೇ ನನಗೆ ಕಲಿಸಿದ್ದು.

ಎರಡನೆಯ ರಾತ್ರಿ ಚಾಪೆ ತಂದು ಪೆಟ್ಟಿಗೆಯ ಪಕ್ಕ ಹಾಸಿದೆ. ಒಳಗೆ ನನ್ನ ಹಳೆಯ ಕೌದಿಯ ತುಂಡು. ಮುಧೋಳ ನಾಯಿಗೆ ಮೈಮೇಲೆ ಕೂದಲು ಕಡಿಮೆ, ಚರ್ಮ ತೆಳು, ಎಲುಬು ನೆಲಕ್ಕೆ ಒತ್ತುತ್ತದೆ. ತಗಡಿನ ತಟ್ಟೆಗೆ ಬರಿ ಬಟ್ಟೆ ಹಾಸಿದರೆ ಅದಕ್ಕೆ ನಿದ್ದೆ ಹೇಗೆ ಬರಬೇಕು? ದೀಪ ಆರಿಸಿ, ತಂತಿಯ ನಡುವೆ ಎರಡು ಬೆರಳು ತೂರಿಸಿ ಮಲಗಿದೆ. ಮೂಸಿತು, ನೆಕ್ಕಿತು, ಒಂದೆರಡು ಸಲ ಕುಂಯ್‌ಗುಟ್ಟಿತು. ಆಮೇಲೆ ನನ್ನ ಬೆರಳಿನ ಮೇಲೆ ಗದ್ದ ಇಟ್ಟು ಮಲಗಿತು. ಕೈ ಜೋಮು ಹಿಡಿಯಿತು. ಆದರೆ ಪಕ್ಕದ ಮನೆಯ ಹಿರಿಯರು ಅಂದು ಕೂಗಲಿಲ್ಲ.

ಮೂರು ರಾತ್ರಿ ಪೆಟ್ಟಿಗೆಗೆ ಅಂಟಿಕೊಂಡು ಮಲಗಿದೆ. ಐದನೆಯ ರಾತ್ರಿ ಚಾಪೆಯನ್ನು ಒಂದು ಮೊಳ ಸರಿಸಿದೆ. ಆರನೆಯ ರಾತ್ರಿ ಒಂದು ಮಾರು. ಎಂಟನೆಯ ರಾತ್ರಿ ಕೋಣೆಯ ಹೊಸ್ತಿಲು. ಹನ್ನೊಂದನೆಯ ರಾತ್ರಿ ನನ್ನ ಮಂಚ. ಅಂಗನವಾಡಿಯ ಲೆಕ್ಕವೇ, ಒಂದು ದಿನವೂ ಹೆಚ್ಚಿಲ್ಲ.

ಹಗಲಿನ ಪಾಠ ಬೇರೆ. ಹಗಲು ಪೆಟ್ಟಿಗೆಯ ಬಾಗಿಲನ್ನು ಸೆಣಬಿನ ದಾರದಿಂದ ಕಟ್ಟಿ ತೆರೆದೇ ಇಟ್ಟೆ. ಹಾಲು ಕಲಸಿದ ರೊಟ್ಟಿಯ ತಾಟನ್ನು ಮೊದಲು ಬಾಗಿಲ ಬಳಿ, ಆಮೇಲೆ ನಡುವೆ, ಆಮೇಲೆ ಹಿಂದಿನ ಮೂಲೆಯಲ್ಲಿ ಇಟ್ಟೆ. ತಪ್ಪು ಮಾಡಿದಾಗ, ಚಪ್ಪಲಿ ಕಡಿದಾಗ, ಒಮ್ಮೆಯೂ ಅದನ್ನು ಒಳಗೆ ತಳ್ಳಲಿಲ್ಲ. ಮಲಗುವ ಜಾಗವನ್ನು ಶಿಕ್ಷೆಯ ಜಾಗ ಮಾಡಿದರೆ ಮಗುವಿಗಾಗಲಿ ನಾಯಿಗಾಗಲಿ ಅಲ್ಲಿ ನಿದ್ದೆ ಬರುವುದಿಲ್ಲ. ಮಗ ತಂದ ಪೆಟ್ಟಿಗೆ ಬೆಳೆದ ನಾಯಿಯ ಅಳತೆಯದು. ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಜಾಗ ಬೇಕು, ನಿಜ. ಅದಕ್ಕಿಂತ ತೀರಾ ದೊಡ್ಡದಾದರೆ ಕುನ್ನಿ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯನ್ನು ಕೊಳೆ ಮಾಡುತ್ತದೆ. ಅದಕ್ಕೆ ಅರ್ಧಕ್ಕೆ ಒಂದು ಹಲಗೆ ಅಡ್ಡ ಇಟ್ಟೆ. ನಾಯಿ ಬೆಳೆದಂತೆ ಹಲಗೆ ಹಿಂದೆ ಸರಿಯಿತು.

ಅಳುವಿನಲ್ಲೂ ಎರಡು ಜಾತಿ. ಒಂದು "ನೀ ಎಲ್ಲಿ ಹೋದಿ" ಎನ್ನುವ ಅಳು. ಅದಕ್ಕೆ ಉತ್ತರ ಬೆರಳು, ಉಸಿರಿನ ಸದ್ದು. ಇನ್ನೊಂದು "ತಡಿಯಾಕ ಆಗವಲ್ದು" ಎನ್ನುವ ಅಳು. ಮಲಗಿದ್ದ ಕುನ್ನಿ ತಟ್ಟನೆ ಎದ್ದು ಸುತ್ತು ಹೊಡೆಯುತ್ತಾ ಅಳುವುದು. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ಉಚ್ಚೆ ತಡೆದುಕೊಳ್ಳಲಾರದು. ಹಟ ಎಂದು ತಿಳಿದು ಕಿವಿ ಮುಚ್ಚಿ ಮಲಗಿದರೆ ಅದು ತನ್ನ ಹಾಸಿಗೆಯಲ್ಲೇ ಮಾಡಿಕೊಳ್ಳುತ್ತದೆ, ಆಮೇಲೆ ಆ ರೂಢಿ ಬಿಡಿಸುವುದು ಕಷ್ಟ. ನಾನು ರಾತ್ರಿ ಒಂದಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಎತ್ತಿಕೊಂಡು ಅಂಗಳದ ಅದೇ ಮೂಲೆಗೆ ಒಯ್ಯುತ್ತಿದ್ದೆ. ಮಾತಿಲ್ಲ, ಆಟವಿಲ್ಲ, ದೀಪವಿಲ್ಲ. ಕೆಲಸ ಮುಗಿದೊಡನೆ ಮತ್ತೆ ಒಳಗೆ. ನಡುರಾತ್ರಿ ಆಡಿಸಿದ ಮಗು ದಿನಾ ನಡುರಾತ್ರಿ ಏಳುತ್ತದೆ ಎಂಬುದು ಬಾಣಂತನ ಮಾಡಿದ ಯಾವ ಮುದುಕಿಗೂ ಗೊತ್ತು.

ಈಗ ಪಕ್ಕದ ಮನೆಯ ಹಿರಿಯರ ಪ್ರಶ್ನೆಗೆ ಬರುತ್ತೇನೆ. ನಾಯಿಗೆ ಬೋನು ಯಾಕೆ? ನಮ್ಮ ಕಾಲದಲ್ಲಿ ನಾಯಿಗಳಿಗೆ ಯಾರು ಮಲಗುವುದನ್ನು ಕಲಿಸಿದ್ದರು? ಮಾತು ನಿಜ. ಬಣವಿಯ ಹಿಂದೆ ನಾಯಿ ಈಯುತ್ತಿತ್ತು. ಆರೇಳು ಕುನ್ನಿ ಒಂದರ ಮೇಲೊಂದು ಬಿದ್ದು ತಾಯಿಯ ಹೊಟ್ಟೆಗೆ ಅಂಟಿ ಮಲಗುತ್ತಿದ್ದವು. ದೊಡ್ಡವಾದಂತೆ ತಾವೇ ದೂರ ಸರಿದು, ಯಾವ ಮನೆಯಲ್ಲಿ ರೊಟ್ಟಿ ಬೀಳುತ್ತದೋ ಆ ಮನೆಯ ಕಟ್ಟೆಯ ಕೆಳಗೆ ಮಲಗುತ್ತಿದ್ದವು. ಅಲ್ಲಿ ಯಾವ ಕುನ್ನಿಯೂ ಒಂದೇ ದಿನದಲ್ಲಿ ತಾಯಿ, ಒಡಹುಟ್ಟು, ವಾಸನೆ, ನೆಲ ಎಲ್ಲವನ್ನೂ ಕಳೆದುಕೊಳ್ಳುತ್ತಿರಲಿಲ್ಲ. ಈಗ ಮಾರಾಟದ ಮರಿಗೆ ಆಗುವುದು ಅದೇ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು ನಾಯಿ ಸಾಕಣೆ ಮತ್ತು ಮಾರಾಟದ 2017ರ ನಿಯಮ ಹೇಳುತ್ತದೆ. ಅಷ್ಟು ದಿನ ತುಂಬಿಸಿ ತಂದರೂ ಮೊದಲ ರಾತ್ರಿ ಅದಕ್ಕೆ ಊರೇ ಬದಲಾದಂತೆ. ಬಣವಿಯ ಹಿಂದಿನ ಬೆಚ್ಚನೆಯ ಜಾಗವನ್ನು ನಾವು ಮಾರಿಕೊಂಡಿದ್ದೇವೆ. ಅದರ ಬದಲಿಗೆ ಏನಾದರೊಂದು ಕೊಡಬೇಕಲ್ಲ?

ಅಷ್ಟಕ್ಕೂ ಬೋನು ಬೇಡ ಎನ್ನುವ ನಮ್ಮ ಓಣಿಗಳಲ್ಲಿ ನಾಯಿಗಳು ಹೇಗಿವೆ? ಮೂರು ಮೊಳದ ಸರಪಳಿಯಲ್ಲಿ, ತಗಡಿನ ಕೆಳಗೆ, ಬೆಳಗಿನಿಂದ ಬೈಗಿನವರೆಗೆ. ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲು 42 ಡಿಗ್ರಿ ದಾಟುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕುವುದೇ ಮುಖ್ಯ ದಾರಿ. ನೀರಿನ ಬೋಗುಣಿ ಸರಪಳಿಗೆ ಸಿಕ್ಕಿ ಉರುಳಿದರೆ ಸಂಜೆಯವರೆಗೆ ಅದೂ ಇಲ್ಲ. ಇನ್ನು ಪೇಟೆಯ ಹೊಸ ಮನೆಗಳಲ್ಲಿ ಕ್ರೇಟ್ ಇದೆ, ಆದರೆ ಅದು ಮಾಳಿಗೆಯ ಮೇಲಿದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರೆ ನಾಯಿಗೆ ಹತ್ತು ತಾಸು ತಂತಿಯೊಳಗಿನ ವಾಸ. ಸರಪಳಿಯವರು ಕ್ರೇಟಿನವರನ್ನು ಕಟುಕರು ಅನ್ನುತ್ತಾರೆ, ಕ್ರೇಟಿನವರು ಸರಪಳಿಯವರನ್ನು ಹಳ್ಳಿಗರು ಅನ್ನುತ್ತಾರೆ. ನಾಯಿಯನ್ನು ಕೇಳಿದರೆ ಇಬ್ಬರೂ ಒಂದೇ ಅಂದೀತು.

ಇದಕ್ಕೆ ಕಾನೂನು ಇಲ್ಲವೆಂದಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದು. ಅಲುಗಾಡಲು ಜಾಗವಿಲ್ಲದ ಬೋನಿನಲ್ಲಿ ಪ್ರಾಣಿಯನ್ನು ಇಡುವುದು ತಪ್ಪು. ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದೂ ತಪ್ಪು. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಯನ್ನು ತಿರುಗಾಡಿಸದೆ ಬಿಡುವುದು ತಪ್ಪು ಎಂದು ನಾಯಿಯ ಹೆಸರು ಹಿಡಿದೇ ಬರೆದಿದ್ದಾರೆ. ಹಸಿದು ಬಾಯಾರಿ ನರಳುವಂತೆ ಪ್ರಾಣಿಯನ್ನು ಬಿಟ್ಟುಬರುವುದೂ ತಪ್ಪೇ. ಮೊದಲ ಸಲದ ತಪ್ಪಿಗೆ ಆ ಕಾಯ್ದೆ ಬರೆದ ದಂಡ ಎಷ್ಟು ಗೊತ್ತೇ? 10 ರೂಪಾಯಿಗೆ ಕಡಿಮೆಯಿಲ್ಲದಂತೆ 50 ರೂಪಾಯಿಯವರೆಗೆ. ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದು ಚಹಾ ಕುಡಿದರೆ ಅಷ್ಟು ಹೋಗುತ್ತದೆ. ಈ ದಂಡಕ್ಕೆ ಹೆದರಿ ಯಾರೂ ನಾಯಿಯನ್ನು ವಾಪಸು ಮನೆಗೆ ಕರೆತಂದದ್ದನ್ನು ನಾನು ಕಂಡಿಲ್ಲ.

ಹೊಗಳುವುದರಲ್ಲಿ ಮಾತ್ರ ನಾವು ಹಿಂದೆ ಬಿದ್ದವರಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಾವಿರ ವರ್ಷದ ಹಿಂದೆಯೇ ನಾಯಿಗೊಂದು ಕಲ್ಲು ನಿಲ್ಲಿಸಿದರು. ಕ್ರಿ.ಶ. 949ರ ತಕ್ಕೋಲಂ ಯುದ್ಧದ ಕಾಲದ ಆ ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯ ಕತೆಯಿದೆ. ಮಣಲೇರ ಎಂಬ ವೀರ ಒಡೆಯನಿಂದ ಮೆಚ್ಚುಗೆಯಾಗಿ ಕೇಳಿ ಪಡೆದ ನಾಯಿ ಅದು. ಹಂದಿಯ ಮೇಲೆ ಬಿಟ್ಟಾಗ ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ಕಲ್ಲಿಗೆ ಭೂಮಿ ದತ್ತಿ ಬಿಟ್ಟರು. ಇನ್ನು ನಮ್ಮ ಬೂದ್ಯಾನ ಕುಲದ ಕೀರ್ತಿ ಸಣ್ಣದೇ? ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ನಾಯಿಗಳನ್ನು ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಕಾಣಿಕೆ ಕೊಟ್ಟರು ಎನ್ನುತ್ತಾರೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದೇ ಒಂದು ಶ್ವಾನ ಸಂಶೋಧನಾ ಕೇಂದ್ರವಿದೆ. ಸೈನ್ಯದವರೂ ಒಯ್ದು ಮೀರತ್‌ನಲ್ಲಿ ತರಬೇತಿ ಕೊಟ್ಟರು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಇದರ ಹೆಸರು ಹೇಳಿ, ನಾಯಿ ಸಾಕುವುದಾದರೆ ನಮ್ಮ ದೇಶದ ತಳಿ ಸಾಕಿ ಎಂದರು. ಕೇಳಿದವರಲ್ಲಿ ನನ್ನ ಮಗನೂ ಒಬ್ಬ.

ಓಡುವ ವೇಗ, ಕಣ್ಣಿನ ಚೂಪು, ನಿಷ್ಠೆ ಎಲ್ಲವನ್ನೂ ಹೇಳಿದರು. ರಾತ್ರಿ ಎಲ್ಲಿ ಮಲಗಿಸಬೇಕು ಎಂದು ಒಬ್ಬರೂ ಹೇಳಲಿಲ್ಲ. ಕಾಳಿ ಸತ್ತದ್ದು ಹೇಗೆಂದು ಶಾಸನ ಹೇಳುತ್ತದೆ, ಮಲಗುತ್ತಿದ್ದದ್ದು ಎಲ್ಲೆಂದು ಅದರಲ್ಲೂ ಇಲ್ಲ. ಬಯಲಲ್ಲಿ ಮೊಲ ಬೆನ್ನಟ್ಟಲು ಹುಟ್ಟಿದ ತಳಿಯನ್ನು ನಾಲ್ಕನೇ ಅಂತಸ್ತಿನ ಬಾಲ್ಕನಿಗೆ ತಂದು, ಅದು ಅಳುತ್ತದೆ ಎಂದು ನಾವು ಬೆರಗಾಗುತ್ತೇವೆ.

ಹಾಗಾದರೆ ಏನು ಮಾಡಬೇಕು? ಕೋಟಿ ಖರ್ಚಿನ ಮಾತು ನನ್ನದಲ್ಲ. ಹೊಸ ಮರಿ ತಂದವರು ಒಮ್ಮೆಯಾದರೂ ಪಶು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾರೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು ಎಂಬುದು ಈಗ ಹಳ್ಳಿಗೂ ಗೊತ್ತು. ಅಲ್ಲಿ ಸೂಜಿಯ ಜೊತೆಗೆ ಒಂದು ಹಾಳೆ ಕೊಡಲಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ: ಮೊದಲ ಹತ್ತು ರಾತ್ರಿ ಏನು ಮಾಡಬೇಕು, ಏನು ಮಾಡಬಾರದು. ಮರಿ ಮಾರುವವರೂ ಅದೇ ಹಾಳೆ ಕೊಡಲಿ, ಹಣ ಎಣಿಸಿಕೊಳ್ಳುವ ಮೊದಲು. ಪ್ರತಿ ವರ್ಷ ಸೆಪ್ಟೆಂಬರ್ 28ರಂದು ರೇಬಿಸ್ ದಿನ ಮಾಡಿ, ಕಚ್ಚಿದ ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆಯಿರಿ, ಕೂಡಲೇ ಲಸಿಕೆ ಹಾಕಿಸಿ ಎಂದು ಹೇಳುತ್ತೇವೆ. ಒಳ್ಳೆಯದು, ಜೀವ ಉಳಿಸುವ ಮಾತು. ಅದರ ಜೊತೆಗೆ, ಕಚ್ಚುವ ಹಾದಿಗೆ ನಾಯಿ ಹೋಗದಂತೆ ಮನೆಯಲ್ಲೇ ಮಾಡುವ ಕೆಲಸವನ್ನೂ ಹೇಳಲಿ. ಪಂಚಾಯಿತಿಗೆ, ನಗರಸಭೆಗೆ 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಹೊರಿಸಿದ ಭಾರವೇ ಸಾಕಷ್ಟಿದೆ. ನಾವು ಮನೆಯಿಂದ ಹೊಸ ನಾಯಿಗಳನ್ನು ಕಳಿಸಿ ಅದನ್ನು ಹೆಚ್ಚಿಸುವುದು ಬೇಡ.

ಕ್ರೇಟ್ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವವರಿಗೆ ನನ್ನದೊಂದು ಸುಲಭದ ಪರೀಕ್ಷೆಯಿದೆ. ಬಾಗಿಲು ತೆರೆದಿಟ್ಟು ನೋಡಿ. ತೆರೆದ ಬಾಗಿಲಿನಿಂದ ನಾಯಿ ತಾನೇ ಒಳಗೆ ಹೋಗಿ ಮಲಗಿದರೆ ಅದು ಗೂಡು. ಚಿಲಕ ಹಾಕಿದರೆ ಮಾತ್ರ ಒಳಗಿರುವುದಾದರೆ ಅದು ಬೋನು. ನಮ್ಮ ಮನೆಯಲ್ಲಿ ಬಾಗಿಲಿಗೆ ಕಟ್ಟಿದ ಸೆಣಬಿನ ದಾರವನ್ನು ಬೂದ್ಯಾ ಎಂದೋ ಕಡಿದು ಹಾಕಿದ. ಬಾಗಿಲು ಮಾತ್ರ ತೆರೆದೇ ಇದೆ, ರಾತ್ರಿಯೂ. ಒಂಬತ್ತಕ್ಕೆ ನಾನು ದೀಪ ಆರಿಸುವ ಮೊದಲೇ ಅವನು ಒಳಗೆ ಹೋಗಿ, ಕೌದಿಯನ್ನು ಮೂರು ಸುತ್ತು ತುಳಿದು, ಉದ್ದನೆಯ ಮೂತಿಯನ್ನು ಹೊಟ್ಟೆಗೆ ಸಿಕ್ಕಿಸಿಕೊಂಡು ಮಲಗಿರುತ್ತಾನೆ. ಬೇಸಿಗೆಯಲ್ಲಿ ಕರೆಂಟು ಹೋದ ರಾತ್ರಿಗಳಲ್ಲಿ ಮಾತ್ರ ಗೂಡು ಬಿಟ್ಟು ಬಚ್ಚಲಮನೆಯ ತಂಪು ಕಲ್ಲಿನ ಮೇಲೆ. ಅವನಿಗೂ ಬುದ್ಧಿಯಿದೆ.

ಮೊನ್ನೆ ಮಗ ಫೋನ್ ಮಾಡಿದ್ದ. ಅವನ ಗೆಳೆಯನೊಬ್ಬ ಕುನ್ನಿ ತಂದಿದ್ದಾನಂತೆ, ನಾಲ್ಕು ದಿನದಿಂದ ರಾತ್ರಿ ನಿದ್ದೆಯಿಲ್ಲವಂತೆ, ಬೂದ್ಯಾ ಈಗ ದೊಡ್ಡವನಾದ ಮೇಲೆ ಪೆಟ್ಟಿಗೆ ಬೇಕಾಗಲಿಕ್ಕಿಲ್ಲ, ಕೊಡುತ್ತೀಯಾ ಎಂದ. "ಬೂದ್ಯಾನ ಗೂಡು ನಾ ಕೊಡಂಗಿಲ್ಲ" ಎಂದೆ. "ಕ್ರೇಟ್ ಅಂಗಡ್ಯಾಗ ಸಿಗತಾವ. ನಿನ್ನ ಗೆಳೆಯಾಗ ಬೇಕಾದ್ದು ನನ್ನ ಚಾಪಿ. ಬಂದು ಒಯ್ಯಿ ಅನ್ನು."